ಮುಂಚೂಣಿ ಎಂದರೇನು?
(ಬೈಲಹೊಂಗಲದಲ್ಲಿ ಮಾಡಿದ ಭಾಷಣ)



ಕಲೆಯಲ್ಲಿ ಹೊಸ ದಾರಿ ಹಿಡಿದವರನ್ನು ಪಾಶ್ಚಾತ್ಯರು 'ಅವಾಂಗಾರ್ದ್' ಎಂದು ಕರೆಯುವರು. ಈ ಫ್ರೆಂಚ್ ಶಬ್ದವು ಹುಟ್ಟಿದ್ದು ಚಿತ್ರಶಾಲೆಯಲ್ಲಲ್ಲ, ರಣರಂಗದಲ್ಲಿ. ದಂಡಿನ ಮುಂದೆ ನಡೆದು, ದಾರಿಯನ್ನು ಶೋಧಿಸಿ, ಮೊದಲ ಪೆಟ್ಟನ್ನು ತಿನ್ನುವ ತುಕಡಿಗೆ ಆ ಹೆಸರು. 1825ರಲ್ಲಿ ಸೇಂ-ಸಿಮೋನನ ಬಳಗದವರು ಅದನ್ನು ಕಲಾವಿದರಿಗೆ ಅನ್ವಯಿಸಿದರು. ಸಮಾಜದ ಮುನ್ನಡೆಗೆ ಕಲಾವಿದನೇ ಮುಂದಾಳಾಗಬೇಕೆಂಬದು ಅವರ ಆಶಯವಾಗಿತ್ತು. ಅದರ ಹಿಂದಿನ ವರ್ಷವೇ, 1824ರ ಅಕ್ಟೋಬರ 23ರಂದು, ರಾಣಿ ಚೆನ್ನಮ್ಮನ ದಂಡು ಕಿತ್ತೂರಿನಲ್ಲಿ ಥ್ಯಾಕರೆಯ ಸೈನ್ಯವನ್ನು ಮುರಿದಿತ್ತು. ಆದುದರಿಂದ ಈ ಮಾತಿನ ಅರ್ಥವನ್ನು ನಮಗೆ ಹೊರಗಿನವರು ಕಲಿಸಬೇಕಾದುದಿಲ್ಲ. ನಮ್ಮ ಹಳೆಯ ಕಾವ್ಯಗಳಲ್ಲಿ 'ಚೂಣಿ' ಎಂಬ ಶಬ್ದವುಂಟು. 'ಮುಂಚೂಣಿ' ಎಂದರೆ ಅದೇ.

ವಕೀಲಿ ವೃತ್ತಿಯ ನಾವು ಶಬ್ದಾರ್ಥವನ್ನು ನಿಷ್ಕರ್ಷಿಸದೆ ಮುಂದಡಿಯಿಡೆವು. ಮುಂಚೂಣಿಗೆ ಎರಡು ಲಕ್ಷಣಗಳುಂಟು. ಒಂದು, ಅದು ಅಪಾಯಕ್ಕೆ ಮೈಯೊಡ್ಡುವದು. ಎರಡು, ಅದರ ಬೆನ್ನಿಗೆ ದಂಡು ಬರುವದು. ಮೊದಲನೆಯದಿಲ್ಲದಿದ್ದರೆ ಅದು ಬರಿಯ ಮೆರವಣಿಗೆ. ಎರಡನೆಯದಿಲ್ಲದಿದ್ದರೆ ದಾರಿ ತಪ್ಪಿದ ತುಕಡಿ.

ಕನ್ನಡದಲ್ಲಿ ಹೊಸತನಕ್ಕೆ ಹಲವು ಹೆಸರುಗಳಾದವು: ನವೋದಯ, ಪ್ರಗತಿಶೀಲ, ನವ್ಯ, ಬಂಡಾಯ. ನವೋದಯದ ಬೇಂದ್ರೆಯವರು 'ನರಬಲಿ' ಎಂಬ ಕವಿತೆಗಾಗಿ ಸೆರೆಮನೆ ಕಂಡರು. 1950ರ ಸುಮಾರಿಗೆ ಗೋಕಾಕರು 'ನವ್ಯ'ದ ಮಾತನ್ನೆತ್ತಿದರು. ಅಡಿಗರ 'ನಡೆದು ಬಂದ ದಾರಿ' 1952ರಲ್ಲಿ ಬಂದಿತು. ನವ್ಯರ ಧೈರ್ಯ ದೊಡ್ಡದು. ಆದರೆ ಸಾಮಾನ್ಯ ಓದುಗನು ಅವರಿಂದ ತುಸು ಹಿಂದೆ ಉಳಿದನೆಂಬ ಆಕ್ಷೇಪವನ್ನೂ ಅಲ್ಲಗಳೆಯಲಾಗದು. 1979ರಲ್ಲಿ ಸಂಘಟಿತರಾದ ಲೇಖಕರು 'ಬಂಡಾಯ'ವೆಂಬ ಹೆಸರನ್ನು ಆಯ್ದುಕೊಂಡರು. ರಾಮದುರ್ಗದ ನೆರೆಯ ನರಗುಂದವು 1858ರಲ್ಲಿ ಬಂಡೆದ್ದುದನ್ನು ಬಲ್ಲ ನಮಗೆ ಆ ಶಬ್ದದ ಬೆಲೆ ಗೊತ್ತು.

ಇನ್ನು ಮನೆಯ ಮಾತು. 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ನೋಡದವರು ಇಲ್ಲಿ ಯಾರು? ಇದೇ ಬೈಲಹೊಂಗಲದಲ್ಲಿ ನಡೆದುದೆಂದು ಹೇಳುವ ಕೊಲೆಯ ಕಥೆಯದು. ಪತ್ತಾರ ಮಾಸ್ತರರು ಕಟ್ಟಿದರೆಂದು ಪ್ರತೀತಿ. ದೊಡ್ಡಾಟದಲ್ಲಿ ದೇವತೆಗಳೂ ಪುರಾಣದ ರಾಜರೂ ಮೆರೆಯುತ್ತಿದ್ದರು. ಸಣ್ಣಾಟವು ಅವರನ್ನು ಬದಿಗಿರಿಸಿ, ಸಂತೆಪೇಟೆಯ ವ್ಯಾಪಾರಿಯನ್ನು, ಗೆಳೆಯನ ವಿಶ್ವಾಸದ್ರೋಹವನ್ನು, ಗಂಗಿಯ ಸಂಕಟವನ್ನು ಊರ ಆಡುಮಾತಿನಲ್ಲಿಯೇ ರಂಗಕ್ಕೆ ತಂದಿತು. ಯಾವ ಫ್ರೆಂಚ್ ಹೆಸರನ್ನೂ ಅದು ಕೇಳಲಿಲ್ಲ. ಕಲಿತವರು ಅದನ್ನು ಕೀಳೆಂದು ಮೂಗು ಮುರಿದಾಗಲೂ ಒಕ್ಕಲಿಗರು ರಾತ್ರಿಯಿಡೀ ಕುಳಿತು ಕೇಳಿದರು. ಮುಂದೆ ಕಂಬಾರರು 1972ರ 'ಜೋಕುಮಾರಸ್ವಾಮಿ'ಯಲ್ಲಿ ಬಯಲಾಟದ ಮಟ್ಟಿನಿಂದಲೇ ಹೊಸ ನಾಟಕವನ್ನು ಕಟ್ಟಿ ಆಧುನಿಕ ರಂಗಭೂಮಿಯನ್ನು ಬೆರಗುಗೊಳಿಸಿದರು.

ಏಕೀಕರಣದ ಕಥೆಯೂ ಇಂತಹದೇ. ರಾಮದುರ್ಗವು ಸಂಸ್ಥಾನ, ಬೈಲಹೊಂಗಲ-ಸವದತ್ತಿಗಳು ಮುಂಬಯಿ ಇಲಾಖೆ ಎಂದು ನಾಡು ಹರಿದಿದ್ದಾಗಲೇ, 1917ರಲ್ಲಿ ಆಲೂರ ವೆಂಕಟರಾಯರು 'ಕರ್ನಾಟಕ ಗತವೈಭವ'ವನ್ನು ಬರೆದು ಅಖಂಡ ನಾಡನ್ನು ಕಣ್ಣಿಗೆ ಕಟ್ಟಿದರು. ದಂಡು ಬಂದು ಸೇರಿದುದು 1956ರ ನವೆಂಬರ 1ರಂದು. ಲೇಖಕನು ಮುಂದೆ ನಡೆದನು, ಜನರು ಹಿಂದೆ ಬಂದರು. ಶಬ್ದದ ಸಾರ್ಥಕತೆ ಇಲ್ಲಿದೆ.

ಶಿಕ್ಷಕರೇ, ಹೊಸದೆಲ್ಲವೂ ಪರದೇಶದಿಂದ ಬಂದಿತೆಂದು ಮಕ್ಕಳಿಗೆ ದಯವಿಟ್ಟು ಹೇಳಬೇಡಿರಿ. ಒಂದು ರಾತ್ರಿ ಅವರನ್ನು ಸಣ್ಣಾಟಕ್ಕೆ ಕರೆದೊಯ್ಯಿರಿ. ಹೊಸ ಕವಿತೆಯೊಂದು ಕೈಗೆ ಬಂದಾಗ ಎರಡೇ ಪ್ರಶ್ನೆಗಳನ್ನು ಕೇಳಲು ಕಲಿಸಿರಿ: ಇದು ಯಾವ ಅಪಾಯಕ್ಕೆ ಎದೆಯೊಡ್ಡಿದೆ? ಇದರ ಹಿಂದೆ ಯಾರು ನಡೆಯಬಲ್ಲರು?