ನೆರೆ ಬಂದಾಗ ಮನೆ ಬಿಡುವ ನಿರ್ಧಾರ ಯಾರದು?

(ನದಿ ತೀರದ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣ)



ನೇತ್ರಾವತಿಯ ದಂಡೆಯಲ್ಲಿ ಬದುಕುವ ನಮಗೆ ನೆರೆ ಹೊಸತಲ್ಲ. 1923 ಮತ್ತು 1974ರ ನೆರೆಗಳ ಕಥೆಯನ್ನು ಕೇಳದೆ ಬೆಳೆದವರು ಬಂಟ್ವಾಳ, ಪಾಣೆಮಂಗಳೂರಿನಲ್ಲಿ ವಿರಳ. ಬಂಟ್ವಾಳದಲ್ಲಿ ನದಿಯ ಅಪಾಯದ ಮಟ್ಟ 8.5 ಮೀಟರ್. 2019ರ ಆಗಸ್ಟ್‌ನಲ್ಲಿ ಅದು 11 ಮೀಟರ್ ದಾಟಿ ಹರಿಯಿತು.

ಆದರೂ ನಾವು ಅಂಗಳದ ಮಳೆಯನ್ನು ನೋಡಿ ನದಿಯನ್ನು ಅಳೆಯುತ್ತೇವೆ. ಇದು ದೊಡ್ಡ ತಪ್ಪು. ನಮ್ಮ ಊರಿಗೆ ಬರುವ ನೀರು ಚಾರ್ಮಾಡಿ, ಸುಬ್ರಹ್ಮಣ್ಯದ ಘಟ್ಟಗಳಲ್ಲಿ ಸುರಿದದ್ದು. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಬಂದು ಸೇರಿದ ಮೇಲೆ ಅದು ನಮ್ಮತ್ತ ಇಳಿಯುತ್ತದೆ. ಇಲ್ಲಿ ಬಿಸಿಲು ಕಾಣುತ್ತಿರುವಾಗಲೂ ನದಿ ಏರಬಹುದು. ಕಡಲಿನಲ್ಲಿ ಉಬ್ಬರವಿದ್ದರೆ ಕೆಳಗಿನ ಊರುಗಳಲ್ಲಿ ನೀರು ಬೇಗನೆ ಹೊರಹೋಗುವುದಿಲ್ಲ. ಆದುದರಿಂದ ಉಪ್ಪಿನಂಗಡಿಯ ಸುದ್ದಿಯೇ ನಮ್ಮ ಪಾಲಿಗೆ ಎಚ್ಚರಿಕೆ.

ಸುದ್ದಿ ಬಂತೆಂದಿಟ್ಟುಕೊಳ್ಳೋಣ. ಮನೆ ಬಿಡಬೇಕೆಂದು ಹೇಳುವವರು ಯಾರು? ನಮ್ಮ ಅನೇಕ ಮನೆಗಳ ಯಜಮಾನರು ದುಬೈಯಲ್ಲೋ ದಮ್ಮಾಮಿನಲ್ಲೋ ಇದ್ದಾರೆ. ಮನೆಯಲ್ಲಿರುವವರು ವೃದ್ಧ ತಾಯಿ, ಪತ್ನಿ ಮತ್ತು ಮಕ್ಕಳು. ನೀರು ಮೆಟ್ಟಿಲು ಮುಟ್ಟಿದರೂ ಪತ್ನಿ ಫೋನಿಗಾಗಿ ಕಾಯುತ್ತಾಳೆ, ಅಷ್ಟರಲ್ಲಿ ವಿದ್ಯುತ್ ಹೋಗಿ ಫೋನೂ ಸತ್ತಿರುತ್ತದೆ. 1991ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶಕ್ಕೆ ಅಪ್ಪಳಿಸಿದ ಚಂಡಮಾರುತದಲ್ಲಿ 20ರಿಂದ 44 ವರ್ಷದ ಮಹಿಳೆಯರಲ್ಲಿ ಸಾವಿರಕ್ಕೆ 71 ಮಂದಿ ಸತ್ತರೆ, ಅದೇ ಪ್ರಾಯದ ಪುರುಷರಲ್ಲಿ ಸತ್ತವರು 15. ಅಲ್ಲಿನದು ಕಡಲಿನ ನೀರು, ಇಲ್ಲಿನದು ನದಿಯ ನೀರು. ಆದರೆ ಗಂಡನ ಮಾತಿಗಾಗಿ ಕಾದದ್ದು, ಮಕ್ಕಳನ್ನು ಎತ್ತಿಕೊಂಡು ಓಡಲಾಗದ್ದು, ಈಜು ಬಾರದ್ದು, ಪರಪುರುಷರಿರುವ ಆಶ್ರಯ ಕೇಂದ್ರಕ್ಕೆ ಹೋಗಲು ಸಂಕೋಚಪಟ್ಟದ್ದು, ಇವು ನಮ್ಮ ಮನೆಗಳಿಗೆ ಅಪರಿಚಿತ ಕಾರಣಗಳೇ?

ವಿದೇಶದಲ್ಲಿರುವ ಸಹೋದರರು ಮಳೆಗಾಲಕ್ಕೆ ಮುನ್ನವೇ ಮನೆಗೆ ಕರೆ ಮಾಡಿ, "ನನ್ನನ್ನು ಕೇಳಬೇಡ, ಹೊರಡು" ಎಂದು ಸ್ಪಷ್ಟವಾಗಿ ಹೇಳಿಬಿಡಬೇಕು. ಕಾಳಜಿ ಕೇಂದ್ರದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಕೊಠಡಿ ಮತ್ತು ಶೌಚಾಲಯ ಬೇಕೆಂಬ ಮನವಿಯನ್ನು ಜೂನ್‌ಗೆ ಮೊದಲೇ ಆಡಳಿತಕ್ಕೆ ಸಲ್ಲಿಸಬೇಕು. ನೀರು ಬಂದ ಮೇಲೆ ಅಧಿಕಾರಿಗಳನ್ನು ಬೈಯುವುದು ನಮಗೆ ಚೆನ್ನಾಗಿ ಗೊತ್ತು, ಮೊದಲೇ ಕೇಳುವ ಅಭ್ಯಾಸ ಮಾತ್ರ ಇಲ್ಲ. ಮಸೀದಿಯ ಧ್ವನಿವರ್ಧಕದಿಂದ ಎಚ್ಚರಿಕೆ ಕೊಟ್ಟರೆ ಅದು ನೆರೆಹೊರೆಯ ಹಿಂದೂ, ಕ್ರೈಸ್ತ ಮನೆಗಳಿಗೂ ಕೇಳಿಸುತ್ತದೆ.

ಹೊರಡುವಾಗ ಗ್ಯಾಸ್ ಮುಚ್ಚಿ, ನೆಲ ಒಣಗಿರುವಾಗಲೇ ಮೈನ್ ಸ್ವಿಚ್ ಆರಿಸಬೇಕು. ನೀರಿನಲ್ಲಿ ನಿಂತು ಅದನ್ನು ಮುಟ್ಟಲೇಬಾರದು. ರೇಷನ್ ಕಾರ್ಡ್, ಪಾಸ್‌ಪೋರ್ಟ್, ಔಷಧಿಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮೊದಲೇ ಸಿದ್ಧವಿರಲಿ. ಕಪಾಟು, ಫ್ರಿಜ್ ಉಳಿಸಲು ಹೋಗಿ ಹೊತ್ತು ಕಳೆಯುವುದು ಬೇಡ. ಮುಳುಗಿದ ರಸ್ತೆಯಲ್ಲಿ ಯುವಕರು ಬೈಕ್ ಓಡಿಸಿ ಶೌರ್ಯ ತೋರುವುದನ್ನು ನಾವು ಕಂಡಿದ್ದೇವೆ. ರಭಸದಿಂದ ಹರಿಯುವ ನೀರು ಗೇಣುದ್ದವೂ ಇಲ್ಲದಿದ್ದರೂ ಮನುಷ್ಯನನ್ನು ಕೆಡವಬಲ್ಲದು, ಎರಡು ಅಡಿ ನೀರು ಕಾರನ್ನೇ ಒಯ್ಯಬಲ್ಲದು. ಸಿಲುಕಿಕೊಂಡವರು 112ಕ್ಕೆ ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಲಿ.

ನೀರು ಇಳಿದ ಮೇಲೆ ಮುಳುಗಿದ್ದ ಬಾವಿಯನ್ನು ಖಾಲಿ ಮಾಡಿ, ಬ್ಲೀಚಿಂಗ್ ಪುಡಿಯಿಂದ ಶುದ್ಧಗೊಳಿಸಿ, ನೀರನ್ನು ಕುದಿಸಿಯೇ ಕುಡಿಯಬೇಕು. ನೆನೆದ ಅಕ್ಕಿಯನ್ನು ಒಣಗಿಸಿ ಬಳಸುವ ಮಿತವ್ಯಯ ಬೇಡ. ಇಲಿಯ ಮೂತ್ರ ಬೆರೆತ ಕೆಸರಿನಿಂದ ಇಲಿ ಜ್ವರ ಹರಡುತ್ತದೆ, ಕಾಲಿನ ಸಣ್ಣ ಗಾಯವೇ ಅದಕ್ಕೆ ದಾರಿ. ಮುಂದಿನ ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗದೆ ವೈದ್ಯರಲ್ಲಿಗೆ ಹೋಗಿ, ನೆರೆ ನೀರಿನಲ್ಲಿ ನಡೆದಿದ್ದೆವೆಂಬುದನ್ನು ಮರೆಯದೆ ತಿಳಿಸಬೇಕು.