ಕಲ್ಲಿನಲ್ಲಿ ತೇಲುವ ಹಡಗು

ಈಜಿಪ್ಟಿನ ದೇರ್ ಎಲ್ ಮದೀನಾದಲ್ಲಿ ಇಪುಯಿ ಎಂಬ ಶಿಲ್ಪಿಯ ಸಮಾಧಿಯಿದೆ. ಸುಮಾರು 3,200 ವರ್ಷ ಹಳೆಯದು. ಅದರ ಗೋಡೆಯ ಚಿತ್ರದಲ್ಲಿ ಒಬ್ಬ ಕೆಲಸಗಾರನ ಕಣ್ಣಿಗೆ ಇನ್ನೊಬ್ಬ ಮದ್ದು ಮಾಡುತ್ತಿದ್ದಾನೆ. ಸತ್ತವರ ಮನೆಯಲ್ಲಿ ಬದುಕಿನ ಎಂಥ ಸಣ್ಣ ಗಳಿಗೆ!

ಗೋವಾದಲ್ಲೂ ಅಂಥ ಅಚ್ಚರಿಯಿದೆ. ವೀರಗಲ್ಲು ಎಂದೊಡನೆ ನಮಗೆ ನೆನಪಾಗುವುದು ಕುದುರೆ, ಬಿಲ್ಲು, ತುರುಗಾಳಗದ ದನಗಳು. ಆದರೆ ಗೋವಾ ಕದಂಬರ ಕಾಲದ ಕೆಲವು ವೀರಗಲ್ಲುಗಳಲ್ಲಿ ಹಡಗುಗಳಿವೆ. ಇರಲೇಬೇಕಲ್ಲವೇ? ಕನ್ನಡದಲ್ಲೂ ಶಾಸನ ಬರೆಸಿದ ಆ ಅರಸರ ರಾಜಧಾನಿ ಗೋಪಕಪಟ್ಟಣ, ಜುವಾರಿ ನದಿಯ ದಡದ ಬಂದರು. ಅವರ ಕಾಳಗ ನೀರಿನ ಮೇಲೂ ನಡೆಯುತ್ತಿತ್ತು. ಹಳೆ ಗೋವಾದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋದರೆ ವೀರಗಲ್ಲು, ಸತಿಗಲ್ಲುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗ. ನನ್ನ ಮನಸ್ಸು ಮಾತ್ರ ಕೆಳಗಿನ ಪಟ್ಟಿಕೆಯಲ್ಲೇ ನಿಲ್ಲುತ್ತದೆ. ಕಲ್ಲು ನೆಟ್ಟದ್ದು ಸತ್ತ ವೀರನಿಗಾಗಿ. ಹಾಗಿದ್ದರೂ ಶಿಲ್ಪಿ ಹುಟ್ಟು ಹಾಕುವವರನ್ನು ಮರೆಯಲಿಲ್ಲ. ಹಡಗಿನ ಉದ್ದಕ್ಕೂ, ಸಾಲಾಗಿ, ಅವರು ಇನ್ನೂ ನೀರನ್ನು ಸೀಳುತ್ತಲೇ ಇದ್ದಾರೆ.