ಹುರುಪು ಹೋದಾಗ ಏನು ಮಾಡಬೇಕು
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಎಸ್.ಎಸ್.ಎಲ್.ಸಿ. ತನಕ ಓದಿದವರು. ದೊಡ್ಡ ಮಾತು ಆಡಲಿಕ್ಕೆ ಬರುವುದಿಲ್ಲ. "ಗುರಿ ಮುಟ್ಟುವ ತನಕ ಹುರುಪು ಉಳಿಸಿಕೊಳ್ಳುವುದು" ಎಂಬ ವಿಷಯ ನಮಗೆ ಕೊಟ್ಟಾರೆ. ನಮ್ಮ ಹುರುಪು ಎರಡು ಸಲ ಹೋಗಿ ಬಂದದ. ಅದನ್ನೇ ಹೇಳುತ್ತೇವೆ.

ನಮ್ಮ ಗುರಿ ಇಷ್ಟೇ. ಇರುವ ಐದು ಎಕರೆ ಹೊಲವನ್ನು ಒಂದು ಮುಂಗಾರಿಯಾದರೂ ಸಾಲ ಎತ್ತದೆ, ಸ್ವಂತ ರೊಕ್ಕದಲ್ಲಿ ಬಿತ್ತಬೇಕು. ಸಾಲ ಕೊಡುವ ಸಂಘದ ನಿರ್ದೇಶಕರೇ ಹೀಗಂದರೆ ಕಾರ್ಯದರ್ಶಿಗಳು ನಗುತ್ತಾರೆ. ನಗಲಿ.

ಅದಕ್ಕೆಂದು ಕೂಡಿಟ್ಟದ್ದೆಲ್ಲ 2015ರ ಬರದಲ್ಲಿ ದನದ ಮೇವಿಗೆ ಹೋಯಿತು. ಅದು ಮೊದಲನೇ ಸಲ. ಮರುವರ್ಷ ಮಳೆ ಬಂತು, ಮತ್ತೆ ಮನಸ್ಸು ಮಾಡಿದೆವು. 2017ರ ಮೇ ತಿಂಗಳಲ್ಲಿ ಇದ್ದಬಿದ್ದ ರೊಕ್ಕವೆಲ್ಲ ತಂದು ಸಂಘದ ಬಾಕಿ ಚುಕ್ತಾ ಮಾಡಿ, ಇನ್ನು ಹೊಸ ಸಾಲ ಎತ್ತುವುದಿಲ್ಲ ಎಂದು ಹಟ ಹಿಡಿದೆವು. ಜೂನ್ ತಿಂಗಳಲ್ಲಿ ಸರ್ಕಾರ ಸಹಕಾರಿ ಬೆಳೆಸಾಲದಲ್ಲಿ 50,000 ರೂಪಾಯಿ ತನಕ ಮನ್ನಾ ಮಾಡಿತು. ಬಾಕಿ ಇದ್ದವರಿಗೆ ಆಯಿತು, ನಮ್ಮ ಹೆಸರಲ್ಲಿ ಬಾಕಿಯೇ ಇರಲಿಲ್ಲ. ಕಟ್ಟೆಯ ಮೇಲೆ ಕುಂತ ಕಾಕಾ ಒಬ್ಬರು, "ಏನಪಾ, ಭಾಳ ಶಾಣ್ಯಾ ಆಗಿ ಮೊದಲೇ ಕಟ್ಟಿ ಬಂದಿ" ಎಂದು ನಕ್ಕರು. ಅವತ್ತು ರಾತ್ರಿ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಕೈಯಲ್ಲಿ ರೊಕ್ಕ ಇಲ್ಲ, ಸಂಘದ ಸಾಲ ಬ್ಯಾಡ ಅಂದೇವಿ. ಕಡೆಗೆ ಬೀಜ-ಗೊಬ್ಬರ ಅಂಗಡಿಯಿಂದ ಉದ್ರಿ ತಂದೆವು. ವೇಳೆಗೆ ಸರಿಯಾಗಿ ಕಟ್ಟಿದರೆ ಸಂಘದ ಬೆಳೆಸಾಲಕ್ಕೆ ಬಡ್ಡಿಯೇ ಇರಲಿಲ್ಲ, ಅಂಗಡಿ ಉದ್ರಿಗೆ ಬಡ್ಡಿ ಕೊಟ್ಟೆವು! ಈ ಮೂರ್ಖತನ ಯಾರ ಮೇಲೂ ಹಾಕಲಿಕ್ಕೆ ಬರುವುದಿಲ್ಲ, ನಮ್ಮದೇ. 2018ರಲ್ಲಿ ಮತ್ತೆ ಒಂದು ಲಕ್ಷದ ತನಕ ಮನ್ನಾ ಅಂದಾಗ ಊರಲ್ಲಿ ಕಟ್ಟುವ ಮನಸ್ಸೇ ಸಡಿಲಾಯಿತು. ಮನ್ನಾ ಪಡೆದವರನ್ನು ನಾವು ದೂರುವುದಿಲ್ಲ, ಬರದಲ್ಲಿ ಸೋತವರಿಗೆ ಅದು ಬೇಕಾಗಿತ್ತು. ಆದರೆ ನಾವೂ ಕೈಬಿಟ್ಟೆವು. ಎರಡು ವರ್ಷ ಲೆಕ್ಕದ ವಹಿ ತೆರೆಯಲಿಲ್ಲ.

ಅದೇ ಹೊತ್ತಿನಲ್ಲಿ ನಮ್ಮ ಮನೆಯವರು ಒಂದು ಭಾನುವಾರವೂ ತಪ್ಪಿಸದೆ ಸ್ವಸಹಾಯ ಸಂಘದ ಸಭೆಗೆ ಹೋಗುತ್ತಿದ್ದರು. ಗುರುಪಾದಪ್ಪ ನಾಗಮಾರಪಳ್ಳಿಯವರ ಕಾಲದಲ್ಲಿ ಬೀದರ ಡಿಸಿಸಿ ಬ್ಯಾಂಕು ಇಂಥ ಸಂಘಗಳನ್ನು ಹಳ್ಳಿಹಳ್ಳಿಗೆ ಕಟ್ಟಿಸಿದ್ದು ತಮಗೆಲ್ಲ ಗೊತ್ತದ. ಹತ್ತು ರೂಪಾಯಿಯಿಂದ ಸುರು ಮಾಡಿದವರು. ಜ್ವರ ಬಂದರೂ ಹೋಗುವರು. ಯಾಕಂದರೆ, ಹೋಗದಿದ್ದರೆ ಉಳಿದ ಹೆಣ್ಣುಮಕ್ಕಳು ಮನೆಗೇ ಬರುತ್ತಾರೆ! "ನಿನಗ ಬ್ಯಾಸರ ಬರಲ್ಲೇನು?" ಎಂದು ಕೇಳಿದೆವು. "ಬರ್ತದ್ರಿ. ನಿಮ್ಮ ಗುರಿ ಐದು ಎಕರೆದು, ನಂದು ಬರೋ ಭಾನುವಾರದ್ದು" ಎಂದರು.

ಆ ಮಾತು ಹಿಡಿದು ಒಂದು ಎಕರೆಯಿಂದ ಸುರು ಮಾಡಿದೆವು. ಉಳಿದ ನಾಲ್ಕಕ್ಕೆ ಸಂಘದ ಸಾಲವನ್ನೇ ತೆಗೆದುಕೊಂಡು ಗಡುವಿನೊಳಗೆ ಕಟ್ಟಿದೆವು. ಸೋಯಾ ಎಕರೆಗೆ ಸುಮಾರು 30 ಕಿಲೊ ಬೀಜ ಬೇಕು. ರಾಶಿ ಮಾಡುವಾಗಲೇ ಒಳ್ಳೆಯ ಕಾಳು ಬೇರೆ ತೆಗೆದೆವು. ಸೋಯಾದ ಸಿಪ್ಪೆ ಭಾಳ ನಾಜೂಕು, ಜೋರಾಗಿ ಬಡಿದರೆ, ಚೀಲ ಎತ್ತಿ ಒಗೆದರೆ ಮೊಳಕೆ ಸಾಯುತ್ತದೆ. ಬಿತ್ತುವ ಮುಂಚೆ ನೂರು ಕಾಳು ಎಣಿಸಿ ಹಸಿ ಗೋಣಿತಟ್ಟಿನಲ್ಲಿ ಸುತ್ತಿಟ್ಟು ನೋಡಬೇಕು. ಎಪ್ಪತ್ತಕ್ಕೆ ಕಡಿಮೆ ಮೊಳೆತರೆ ಆ ಬೀಜ ನಂಬಬಾರದು. ಗೊಬ್ಬರದ ರೊಕ್ಕವನ್ನು ಸೋಯಾ ಮಾರಿದ ದಿನವೇ, ಮನೆಗೆ ಹೋಗುವ ಮೊದಲು, ಸಂಘದಲ್ಲಿ ಠೇವಣಿ ಇಟ್ಟೆವು. ಮನೆಗೆ ಒಯ್ದರೆ ಲಗ್ನ, ಜಾತ್ರೆ ಎದ್ದು ನಿಲ್ಲುತ್ತವೆ.

ನಮ್ಮ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಸಂಗತಿ ಹಿರಿಯರಿಗೆಲ್ಲ ಗೊತ್ತದ. ನಿಜಾಮರ ಕಾಲದಲ್ಲಿ ಕನ್ನಡ ಕಲಿಸುವುದು ಕಷ್ಟವಿದ್ದಾಗ ಹೊರಗೆ ಉರ್ದು ಬೋರ್ಡು ಹಾಕಿ, ಒಳಗೆ ಕನ್ನಡ ಕಲಿಸಿದರು. ಬೋರ್ಡು ಬದಲಿಸಿದರು, ಪಾಠ ಬಿಡಲಿಲ್ಲ. ನಾವು 2017ರಲ್ಲಿ ಮಾಡಿದ್ದು ಅದರ ಉಲ್ಟಾ. ಹಟ ಬಿಡಲಿಲ್ಲ, ಬಿತ್ತುವುದನ್ನು ಉದ್ರಿಗೆ ಒಪ್ಪಿಸಿದೆವು.

ಈಗ ಮೂರು ಎಕರೆ ಸ್ವಂತ ರೊಕ್ಕದಲ್ಲಿ ಬಿತ್ತುತ್ತೇವೆ. ಎರಡು ಎಕರೆ ಉಳಿದದ, ಅದರ ಸಾಲ ನಮ್ಮ ಹೆಸರಲ್ಲಿ ಇದೇ ಸಂಘದ ವಹಿಯಲ್ಲಿ ಅದ, ಯಾರು ಬೇಕಾದರೂ ನೋಡಬಹುದು. ನಕ್ಕಿದ್ದ ಕಾಕಾ ಹೋದ ವರ್ಷ ನಮ್ಮ ಮನೆಗೆ ಬಂದು, ಗೋಣಿತಟ್ಟಿನಲ್ಲಿ ಕಾಳು ಹೇಗೆ ಸುತ್ತಬೇಕು ಎಂದು ಕೇಳಿ ಹೋದರು. ಅವರ ನೂರರಲ್ಲಿ ಎಂಬತ್ತೆರಡು ಮೊಳೆತವು, ನಮ್ಮವು ಎಪ್ಪತ್ತಾರು.